ಕರೆದರೆ ಬಾರದವರು, ಕೇಳಿದರೆ ಬರುವವರು

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 120 ಮನೆಗಳಿವೆ. ನೋಟಿಸು ಅಂಟಿಸಿದರೂ, ವಾಟ್ಸಾಪ್‌ನಲ್ಲಿ ಮೂರು ಸಲ ಹಾಕಿದರೂ ನಿವಾಸಿಗಳ ಸಭೆಗೆ ಬರುವುದು ಅದೇ ಏಳೆಂಟು ಮಂದಿ. ಜನರಿಗೆ ಆಸಕ್ತಿಯೇ ಇಲ್ಲವೇ?

ಉತ್ತರ: ಎಲ್ಲರನ್ನೂ ಒಟ್ಟಿಗೆ ಕರೆದರೆ ‘ಬೇರೆಯವರು ಹೋಗ್ತಾರೆ ಬಿಡು’ ಎಂದುಕೊಳ್ಳುವುದು ಸಹಜ. ಮನೆ ಬಾಗಿಲಿಗೇ ಹೋಗಬೇಕು. ಬರುವವರಲ್ಲಿ ಆರು ಜನ ಒಬ್ಬೊಬ್ಬ ಹೊಸಬರನ್ನು ಜೊತೆಗೆ ಹಾಕಿಕೊಂಡರೆ ಆರು ಜೋಡಿ, ಜೋಡಿಗೆ 20 ಮನೆ. ಒಂದು ಸಂಜೆಗೆ ಐದು ಮನೆ ಸಾಕು. ಮಾತು ಹತ್ತು ನಿಮಿಷ ದಾಟದಿರಲಿ. ಬೀಗ ಹಾಕಿದ ಮನೆಗೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಹೋಗಿ. ಇಲ್ಲದಿದ್ದರೆ ಪಾಳಿ ಕೆಲಸದವರೆಲ್ಲ ಬಿಟ್ಟುಹೋಗುತ್ತಾರೆ.

ಕೇಳಬೇಕಾದ್ದು ಮೂರೇ. ಇಲ್ಲಿ ಯಾವುದು ತೊಂದರೆ ಕೊಡುತ್ತಿದೆ? ಯಾವುದು ಈಗಿರುವಂತೆಯೇ ಉಳಿಯಬೇಕು? ನಿಮಗೆ ಯಾವ ಕೆಲಸದಲ್ಲಿ ಕೈ ಪಳಗಿದೆ? ಮೂರನೆಯದನ್ನು ಕೇಳಲು ಹೆಚ್ಚಿನವರು ಮರೆಯುತ್ತಾರೆ. ಕೇಳಿದರೆ ವೈರಿಂಗ್ ಬಲ್ಲವರು, ಲೆಕ್ಕ ಬರೆಯುವವರು, ಅರ್ಜಿ ಬರೆಯುವವರು ಎರಡು ಮನೆ ಆಚೆಗೇ ಸಿಗಬಹುದು. ಮೊದಲ ಭೇಟಿಯಲ್ಲಿ ಚಂದಾ, ಸಹಿ ಎರಡೂ ಬೇಡ. ಕೇಳಿದಿರೋ, ಮುಂದಿನ ಸಲ ಬಾಗಿಲು ಅರ್ಧವೇ ತೆರೆಯುತ್ತದೆ. ಟಿಪ್ಪಣಿ ಹೊರಬಂದ ಮೇಲೆ ಬರೆದುಕೊಳ್ಳಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಇದರ ನಂತರ: ಕೇಳಿ ಹೋದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹದಿನೈದು ದಿನದೊಳಗೆ ಹೋಗಿ, ಅವರು ಹೇಳಿದ್ದನ್ನೇ ಇನ್ನೂ ಎಷ್ಟು ಮನೆಯವರು ಹೇಳಿದರು ಎಂಬುದನ್ನು ತಿಳಿಸಿ. ಆಗ ಸಣ್ಣದೊಂದು ಕೆಲಸ ಕೇಳಿ. ‘ದಯವಿಟ್ಟು ಸಹಕರಿಸಿ’ ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಶನಿವಾರ ಸಂಜೆ ಏಳರಿಂದ ಎಂಟರವರೆಗೆ, ಉರಿಯದ ಬೀದಿದೀಪದ ಕಂಬಗಳ ಸಂಖ್ಯೆ ಬರ್ಕೊಳ್ಳೋಣ, ಬರ್ತೀರಾ?’ ಎಂದರೆ ಒಪ್ಪುವವರು ಹೆಚ್ಚು. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಒಪ್ಪಿಕೊಳ್ಳಲು ಭಯವಿರುವುದಿಲ್ಲ.

ಇನ್ನು ಸಭೆ. ನೀವಿನ್ನೂ ತೀರ್ಮಾನಿಸದ ವಿಷಯ ಒಂದಾದರೂ ಅಲ್ಲಿರಲಿ. ಜನರ ಪಾಲ್ಗೊಳ್ಳುವಿಕೆಯನ್ನು ಅಮೆರಿಕದ ಸಾರ್ವಜನಿಕ ನೀತಿ ತಜ್ಞೆ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಇವೆರಡನ್ನೂ ಅವರು ಇಟ್ಟದ್ದು ತೋರಿಕೆಯ ಮೆಟ್ಟಿಲುಗಳಲ್ಲಿ. ತುಸು ಕಟುವೇ, ಆದರೆ ಬಹಳಷ್ಟು ಸಭೆಗಳು ಅದರಾಚೆ ಏರುವುದಿಲ್ಲ.

ಪ್ರಶ್ನೆ: ನಮ್ಮ ಕಾರ್ಯದರ್ಶಿ ತುಂಬಾ ಚುರುಕು, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಅವರು ಊರು ಬಿಡುತ್ತಿದ್ದಾರೆ. ಮುಂದೇನು?

ಉತ್ತರ: ಒಂದು ಹಾಳೆಯಲ್ಲಿ ಮನೆಗಳನ್ನು ಸೊನ್ನೆಗಳಾಗಿ ಬರೆಯಿರಿ. ‘ಊರಿಗೆ ಹೋಗುವಾಗ ಬೀಗದಕೈ ಯಾರ ಹತ್ತಿರ ಕೊಡ್ತೀರಿ?’ ಎಂದು ಒಬ್ಬೊಬ್ಬರನ್ನೂ ಕೇಳಿ, ಉತ್ತರಕ್ಕೆ ತಕ್ಕಂತೆ ಗೆರೆ ಎಳೆಯಿರಿ. ಗೆರೆಯೇ ಇಲ್ಲದ ಸೊನ್ನೆಗಳು, ಒಂದಕ್ಕೊಂದು ತಾಗದ ಎರಡು ಗುಂಪುಗಳು, ಎಲ್ಲ ಗೆರೆಗಳೂ ಬಂದು ಸೇರುವ ಒಂದೇ ಸೊನ್ನೆ: ದುರಸ್ತಿ ಬೇಕಾದ್ದು ಈ ಮೂರು ಕಡೆ. ಇಪ್ಪತ್ತು ಜನ ಒಬ್ಬರ ಮೂಲಕವೇ ಪರಿಚಿತರಾಗಿದ್ದರೆ ಇರುವುದು 19 ಗೆರೆ, ಆ ಒಬ್ಬರು ಹೋದ ದಿನ ಒಂದು ಗೆರೆಯೂ ಉಳಿಯುವುದಿಲ್ಲ. ಅದೇ ಇಪ್ಪತ್ತು ಜನರ ನಡುವೆ 190 ಗೆರೆಗಳಿಗೆ ಜಾಗವಿದೆ. ಅಷ್ಟೂ ಬೇಕಿಲ್ಲ, ಪ್ರತಿಯೊಬ್ಬರಿಗೂ ಮೂರು ನಾಲ್ಕಿದ್ದರೆ ಬಲೆ ಹರಿಯುವುದಿಲ್ಲ.

ಹಾಗಾಗಿ ಕೆಲಸ ಹಂಚುವಾಗ ಗೆಳೆಯರನ್ನೇ ಜೋಡಿ ಮಾಡಬೇಡಿ. ಎರಡು ಗುಂಪಿನಿಂದ ಒಬ್ಬೊಬ್ಬರನ್ನು ಸೇರಿಸಿ. ಹೊಸ ಸುದ್ದಿ ದೂರದ ಪರಿಚಯಸ್ಥರಿಂದ ಬರುವುದೇ ಹೆಚ್ಚು ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! ಕಾರ್ಯದರ್ಶಿ ಹೊರಡುವ ಮುನ್ನ ಅವರ ಜವಾಬ್ದಾರಿಗಳನ್ನು ಒಬ್ಬರ ತಲೆಗೇ ಕಟ್ಟದೆ ನಾಲ್ಕು ಜನರಿಗೆ ಹಂಚಿ, ಒಂದು ತಿಂಗಳು ಜೊತೆಯಲ್ಲೇ ಮಾಡಿಸಿ.

ಪ್ರಶ್ನೆ: ವಾಟ್ಸಾಪ್ ಗುಂಪು ಫಾರ್ವರ್ಡ್, ಜಗಳಗಳಿಂದ ತುಂಬಿಹೋಗಿದೆ.

ಉತ್ತರ: ಎರಡು ಮಾಡಿ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಪ್ರಕಟಣೆಯ ಗುಂಪು ಒಂದು. ಉಳಿದ ಮಾತಿಗೆ 15–20 ಮನೆಗೊಂದು ಚಿಕ್ಕ ಗುಂಪು. ವ್ಯಕ್ತಿಯ ಮೇಲಿನ ದೂರು ಎರಡರಲ್ಲೂ ಬೇಡ, ಇಬ್ಬರು ಹೋಗಿ ಮುಖಾಮುಖಿ ಮಾತಾಡಲಿ. ಫೋನ್ ಬಳಸದವರಿಗೆ ಸುದ್ದಿ ಮುಟ್ಟಿಸುವವರು ಯಾರೆಂದು ಪ್ರತಿ ಸಾಲಿಗೂ ಹೆಸರು ಬರೆದಿಡಿ.

ಪ್ರಶ್ನೆ: ಬಾಡಿಗೆದಾರರನ್ನು ಸೇರಿಸಬೇಕೇ?

ಉತ್ತರ: ಸೇರಿಸಿ. 1995ರಲ್ಲಿ ಜಪಾನಿನ ಕೋಬೆ ನಗರದಲ್ಲಾದ ಭೂಕಂಪದಲ್ಲಿ ಅವಶೇಷಗಳಡಿಯಿಂದ ಪಾರಾದವರಲ್ಲಿ ಹೆಚ್ಚಿನವರನ್ನು ಹೊರತೆಗೆದದ್ದು ಮನೆಯವರು ಮತ್ತು ನೆರೆಯವರು. ಅಂಥ ಹೊತ್ತಿನಲ್ಲಿ ಕೈಗೆ ಸಿಗುವುದು ಮನೆಯಲ್ಲಿ ವಾಸವಿರುವವರೇ, ದೂರದಲ್ಲಿರುವ ಮಾಲೀಕರಲ್ಲ.

ಪ್ರಶ್ನೆ: ಇದೆಲ್ಲ ಫಲ ಕೊಡುತ್ತಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಸಭೆಯ ಹಾಜರಿ ಎಣಿಸಬೇಡಿ. ಮೂರು ತಿಂಗಳಿಗೊಮ್ಮೆ ಎರಡೇ ಲೆಕ್ಕ ಹಾಕಿ: ಮೊದಲ ಸಲ ಕೆಲಸ ವಹಿಸಿಕೊಂಡವರು ಎಷ್ಟು ಮಂದಿ, ಸಮಿತಿಗೆ ಹೇಳದೆಯೇ ನೆರೆಯವರು ಬಗೆಹರಿಸಿಕೊಂಡ ತೊಂದರೆಗಳು ಎಷ್ಟು. ಹಳೆಯ ಹಾಳೆಗೆ ಹೊಸ ಗೆರೆಗಳನ್ನು ಬೇರೆ ಬಣ್ಣದಲ್ಲಿ ಎಳೆಯಿರಿ.