ಒಮಾನ್‌ನ ಹಜರ್ ಬೆಟ್ಟಗಳ ಮೇಲೆ ಸಮುದ್ರದ ಚಿಪ್ಪು ಹೇಗೆ ಬಂತು? ಅಷ್ಟು ಒಣ ಜಾಗದಲ್ಲಿ ಕಾಡುಮೇಕೆ ಹೇಗೆ ಬದುಕುತ್ತದೆ?

ಚಿಪ್ಪುಗಳಿರುವ ಆ ಬೆಟ್ಟಗಳ ಸುಣ್ಣಕಲ್ಲು ಹುಟ್ಟಿದ್ದೇ ಸಮುದ್ರದ ತಳದಲ್ಲಿ. ಭೂಫಲಕಗಳ, ಅಂದರೆ ನೆಲದ ಹೊರಪದರದ ದೈತ್ಯ ತುಂಡುಗಳ ಒತ್ತಡ ಅದನ್ನು ಮೇಲೆತ್ತಿತು. ಇದಕ್ಕಿಂತ ಸೋಜಿಗ ಪಕ್ಕದ ಕಂದುಗಪ್ಪು ಬೆಟ್ಟಗಳದ್ದು. ಸಾಗರತಳದ ಭಾರವಾದ ಶಿಲೆ ಸಾಮಾನ್ಯವಾಗಿ ಖಂಡದ ಅಡಿಗೆ ಜಾರುತ್ತದೆ. ಇಲ್ಲಿ ಸುಮಾರು 9 ಕೋಟಿ ವರ್ಷಗಳ ಹಿಂದೆ ಅದು ಅರೇಬಿಯಾದ ಅಂಚಿನ ಮೇಲೇ ಹತ್ತಿ ಕುಳಿತಿತು!

ಮೇಕೆಯನ್ನು ಬದುಕಿಸುವುದೂ ಈ ಸುಣ್ಣಕಲ್ಲೇ. ಎತ್ತರದಲ್ಲಿ ಬಿದ್ದ ಅಷ್ಟಿಷ್ಟು ಮಳೆ ಬಿರುಕುಗಳಲ್ಲಿ ಇಳಿದು, ಕೆಳಗೆ ಒರತೆಯಾಗಿ ಜಿನುಗುತ್ತದೆ. ಅರೇಬಿಯನ್ ಥಾರ್ ಎಂಬ ಈ ಕಾಡುಮೇಕೆಗೆ ಒಂಟೆಯ ತಾಳ್ಮೆಯಿಲ್ಲ; ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಹಾಗಾಗಿ ಕಡಿದಾದ ಬಂಡೆಯಿಂದ ಒರತೆಗಿಳಿದು, ಕುಡಿದು, ಮತ್ತೆ ಹತ್ತುತ್ತದೆ. ಅಂದಹಾಗೆ, ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ಜಯಕರಿ', ಮಸ್ಕತ್‌ನಲ್ಲಿದ್ದ ಭಾರತೀಯ ವೈದ್ಯ ಜಯಕರ್ ಅವರ ನೆನಪು.