ಒಂದೇ ರಾತ್ರಿಯಲ್ಲಿ ನೇಯ್ದ ಅಂಗಿ

ತಂಗೀ, ರುಮೇನಿಯಾದ ಬುಕಾರೆಸ್ಟಿಗೆ ಬಂದು ಮೂರು ವಾರವಾಗಿದೆ ಎಂದು ಬರೆದು, ಬಾಡಿಗೆ ಮನೆ, ಸಸ್ಯಾಹಾರ ಮತ್ತು ಅಕ್ಟೋಬರಿನ ಚಳಿಯಲ್ಲಿ ದೊಡ್ಡ ಚರ್ಚಿನ ಗುಡ್ಡದಲ್ಲಿ ಜನ ಗಂಟೆಗಟ್ಟಲೆ ಸಾಲು ನಿಲ್ಲುವುದೇಕೆ ಎಂದು ಕೇಳಿದ್ದೀರಿ. ಮನೆಯ ಕರಾರನ್ನು ಬರವಣಿಗೆಯಲ್ಲೇ ಮಾಡಿಸಿಕೊಳ್ಳಿ. ಹೋಟೆಲಿನಲ್ಲಿ ‘ದೆ ಪೋಸ್ತ್’ ಎಂದರೆ ಉಪವಾಸದ ದಿನಗಳ, ಮಾಂಸವಿಲ್ಲದ ಅಡುಗೆ ಸಿಗುತ್ತದೆ; ಮೀನು ಹಾಕಿಲ್ಲವೇ ಎಂದು ಮಾತ್ರ ವಿಚಾರಿಸಿ.

ಆ ಸಾಲು ಸಂತ ದಿಮಿತ್ರಿಯವರ ದೇಹಾವಶೇಷದ ದರ್ಶನಕ್ಕೆ. 1774ರಲ್ಲಿ ಅದನ್ನು ಬಲ್ಗೇರಿಯದ ಬಸರಬೊವೊದಿಂದ ಇಲ್ಲಿಗೆ ತಂದಾಗ ಪ್ಲೇಗ್ ನಿಂತಿತೆಂದು ಜನ ನಂಬುತ್ತಾರೆ; ಅವರೇ ಈ ನಗರದ ರಕ್ಷಕರು. 1813ರಲ್ಲಿ ಪ್ಲೇಗ್ ಮತ್ತೆ ಬಂದಿತು. ಆಗ ಆಳುತ್ತಿದ್ದ ದೊರೆಯ ಹೆಸರು ಅಂಟಿಕೊಂಡು ಅದು ಇಂದಿಗೂ ‘ಕರಾಜಾನ ಪ್ಲೇಗ್’. ಹೆಣ ಹೊರುತ್ತಿದ್ದ ‘ಚೋಕ್ಲಿ’ಗಳು ಉಸಿರಿದ್ದವರನ್ನೂ ಗಾಡಿಗೇರಿಸಿದ ಕಥೆಗಳು ಈಗಲೂ ಉಳಿದಿವೆ.

ನಾನು ಬಂದ ಮೊದಲ ಚಳಿಗಾಲದಲ್ಲಿ, ಮನೆಯೊಡತಿ ಅಜ್ಜಿ ಸೆಣಬಿನ ಒರಟು ವಸ್ತ್ರವೊಂದನ್ನು ಮಡಿಲಲ್ಲಿಟ್ಟು ಬೆರಳಿನಿಂದ ಸವರುತ್ತಾ, ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು. ಪ್ಲೇಗ್, ಅವರ ಮಾತಿನಲ್ಲಿ ‘ಚುಮಾ’, ತಲೆ ಕೆದರಿದ, ಮೈಮೇಲೆ ಬಟ್ಟೆಯಿಲ್ಲದ ಮುದುಕಿ. ಅವಳು ಬರುವ ಸುದ್ದಿ ಸಿಕ್ಕೊಡನೆ 9 ಹೆಂಗಸರು ಸೇರಿ ಒಂದೇ ರಾತ್ರಿಯಲ್ಲಿ ಸೆಣಬು ನೂತು, ನೇಯ್ದು, ಅಂಗಿ ಹೊಲಿದು, ಬೆಳಗಾಗುವಷ್ಟರಲ್ಲಿ ಊರ ಗಡಿಯಲ್ಲಿ ಇಡುತ್ತಿದ್ದರಂತೆ, ಅದನ್ನು ತೊಟ್ಟು ಅವಳು ಊರಿಗೆ ಕಾಲಿಡದೆ ಹೋಗಲಿ ಎಂದು. ಇದೆಲ್ಲ ಮೂಢನಂಬಿಕೆ ಎಂದು ನಾನು ನನ್ನ ಹರುಕು ರುಮೇನಿಯನ್ನಿನಲ್ಲಿ ಅಂದುಬಿಟ್ಟೆ. ಅಜ್ಜಿ ವಸ್ತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮಾರಮ್ಮನಿಗೆ ಸೀರೆ ಉಡಿಸಿ, ಮಡಿಲು ತುಂಬಿ, ಗಡಿ ದಾಟಿಸಿ ಬರುವ ಊರಿನಲ್ಲಿ ಹುಟ್ಟಿದವಳು ನಾನು. ಅಜ್ಜಿ ಹೇಳಿದ್ದು ನನಗೆ ಅಂದೇ ಅರ್ಥವಾಗಬೇಕಿತ್ತು. ವಿದ್ಯಾವಂತೆ ಎನಿಸಿಕೊಳ್ಳುವ ಆತುರದಲ್ಲಿದ್ದೆ. ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಆ ಹೆಂಗಸರು ನೂಲುವಾಗ ಹಾಡುತ್ತಿದ್ದರೇ, ಮೌನವಾಗಿದ್ದರೇ, ಆ ವಸ್ತ್ರ ಯಾರು ನೇಯ್ದದ್ದು ಎಂದು ಕೇಳುವ ಅವಕಾಶ ನನಗೆ ಉಳಿಯಲಿಲ್ಲ.

ನೀವು ಸಂತ ದಿಮಿತ್ರಿಯವರ ಹಬ್ಬವಾದ ಅಕ್ಟೋಬರ್ 27ರ ಹಿಂದಿನ ದಿನವೇ ದಪ್ಪ ಕಾಲುಚೀಲ ಹಾಕಿಕೊಂಡು ಗುಡ್ಡಕ್ಕೆ ಹೋಗಿ. ನಿಮ್ಮ ಮುಂದೆ ಕಾಮಕಸ್ತೂರಿಯ ಕಟ್ಟು ಹಿಡಿದ ಅಜ್ಜಿಯೊಬ್ಬರು ನಿಂತಿರುತ್ತಾರೆ. ಅವರ ಊರು ಯಾವುದೆಂದು ಕೇಳಿ.