ಮಗಳ ನಾಲ್ಕನೇ ಕಾಲ್ಬೆರಳು ಗಿಡ್ಡ, ಈಗಲೇ ಆಪರೇಷನ್ ಮಾಡಿಸಬೇಕಾ?

ಹದಿಮೂರು ವರ್ಷದ ಮಗಳು, ನಾಲ್ಕನೇ ಕಾಲ್ಬೆರಳು ಗಿಡ್ಡವಾಗಿ ಮೇಲೆದ್ದಿದೆ, ಮದುವೆ ಹೊತ್ತಿಗೆ ತೊಂದರೆಯಾಗಬಾರದು ಅಂದಿದ್ದೀರಿ. ನನ್ನ ಎಡಗಾಲೂ ಹಾಗೇ. ನಾನು ಪೆಟ್ಟು ತಿಂದದ್ದು ಮಾತ್ರ ಗಿಡ್ಡ ಬೆರಳಿನಿಂದಲ್ಲ, ಪಕ್ಕದ ಆಣಿಯಿಂದ.

ಮೂರನೇ ಬೆರಳಿನ ಬುಡದಲ್ಲಿ, ಅಂಗಾಲಿಗೆ ಆಣಿ ಕಟ್ಟಿತು. ಎರಡು ವರ್ಷ ಮೆಡಿಕಲ್ ಅಂಗಡಿಯ ಕಾರ್ನ್ ಪಟ್ಟಿ ಅಂಟಿಸಿದೆ, ಮಿಂದ ಮೇಲೆ ಬ್ಲೇಡಿನಲ್ಲಿ ಹೆರೆದೆ. ತಿಂಗಳೊಳಗೆ ಮತ್ತೆ ಅಷ್ಟೇ ದಪ್ಪ. ಆಗದೆ ಇನ್ನೇನು? ಗಿಡ್ಡ ಇರುವುದು ಬೆರಳಲ್ಲ, ಅದರ ಹಿಂದೆ ಪಾದದೊಳಗಿರುವ ಮೆಟಟಾರ್ಸಲ್ ಎಲುಬು. ಅದು ಬೆಳೆಯುವ ಜಾಗ ಬೇಗ ಮುಚ್ಚಿಕೊಂಡಿರುತ್ತದೆ. ನಡೆಯುವಾಗ ಅದು ತನ್ನ ಪಾಲಿನ ಭಾರ ಹೊರುವುದಿಲ್ಲ, ಆ ಭಾರವೂ ಅಕ್ಕಪಕ್ಕದ ಎಲುಬಿನ ಮೇಲೆ ಬೀಳುತ್ತದೆ. ಚರ್ಮ ದಪ್ಪವಾಗುವುದು ಆ ಒತ್ತಡಕ್ಕೆ. ಒತ್ತಡ ಇದ್ದಲ್ಲೇ ಇರುವಾಗ ಹೆರೆದು ಏನು ಬಂತು? ಮೇಲಾಗಿ ಪಟ್ಟಿಯ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಆ ಗಾಯದಲ್ಲೇ ಆಷಾಢದ ಮಳೆಯಲ್ಲಿ ಅಡಿಕೆ ತೋಟದ ಕೆಸರು ತುಳಿದೆ, ಕೀವಾಯಿತು. ನೋವು ಇದ್ದ ಜಾಗಕ್ಕೇ ಔಷಧಿ ಮಾಡಿದ್ದು ನನ್ನ ದಡ್ಡತನ.

ಎರಡೂ ಪಾದದ ಎಕ್ಸ್‌ರೇ ನಿಂತೇ ತೆಗೆಸಿ. ಮಲಗಿಸಿ ತೆಗೆದರೆ ಭಾರ ಬಿದ್ದಾಗಿನ ಸ್ಥಿತಿ ಕಾಣುವುದಿಲ್ಲ. ಎಲುಬಿನ ತುದಿಗಳನ್ನು ಸೇರಿಸಿ ಕಮಾನು ಎಳೆದಾಗ ಯಾವುದಾದರೂ ಎಲುಬು ಅದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ಹಿಂದುಳಿದರೆ ಬ್ರಾಕಿಮೆಟಟಾರ್ಸಿಯಾ ಅನ್ನುತ್ತಾರೆ. ನನ್ನದು 11. ಮಗಳಿಗೆ ಮುಷ್ಟಿ ಕಟ್ಟಲೂ ಹೇಳಿ. ಉಂಗುರದ ಬೆರಳಿನ ಗೆಣ್ಣಿದ್ದ ಕಡೆ ಗುಳಿ ಬಿದ್ದರೆ, ಎತ್ತರ ಕಮ್ಮಿಯಿದ್ದರೆ, ಮುಟ್ಟು ತಡವಾಗುತ್ತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಅವನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸಿ, ಟರ್ನರ್ ಸಿಂಡ್ರೋಮ್ (ಹೆಣ್ಣುಮಕ್ಕಳಲ್ಲಿ ಒಂದು X ಕ್ರೋಮೋಸೋಮ್ ಪೂರ್ತಿ ಅಥವಾ ಭಾಗಶಃ ಇಲ್ಲದಿರುವುದು) ಇದೆಯಾ ಅಂತ ಕ್ರೋಮೋಸೋಮ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಗಿಡ್ಡ ಎಲುಬು ಇಂಥ ತೊಂದರೆಯ ಗುರುತೂ ಆಗಿರಬಹುದು, ಆಪರೇಷನ್‌ಗಿಂತ ಇದು ಮುಖ್ಯ.

ನೋವಿದ್ದರೆ ಮುಂಭಾಗ ಅಗಲವಿರುವ ಶೂ, ಒಳಗೆ ಮೆಟಟಾರ್ಸಲ್ ಪ್ಯಾಡ್. ಪ್ಯಾಡ್ ಆಣಿಯ ಕೆಳಗಲ್ಲ, ಅದರ ಹಿಂದೆ, ಹಿಮ್ಮಡಿ ಕಡೆಗೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ಆಣಿಗೆ ಹಚ್ಚಿ ಇನ್‌ಸೋಲ್ ಮೇಲೆ ನಿಲ್ಲಿಸಿ, ಬಿದ್ದ ಕೆಂಪು ಗುರುತಿನ ಹಿಂದಕ್ಕೇ ಪ್ಯಾಡಿನ ಮುಂದಿನ ಅಂಚು ಬರಬೇಕು. ಗುರುತಿನ ಮೇಲೇ ಕೂರಿಸಿದರೆ ನೋವು ಹೆಚ್ಚುತ್ತದೆ. ನನಗೆ ಇಷ್ಟರಲ್ಲೇ ಹೋಯಿತು.

ನೋವೇ ಇಲ್ಲವಾ? ಆಪರೇಷನ್ ಬೇಡ. ಮದುವೆಗೆ ಅಂತ ಎಲುಬು ಕೊಯ್ಯಿಸುವುದು ನನಗಂತೂ ಒಪ್ಪಿಗೆಯಿಲ್ಲ, ಕಾಲುಂಗುರ ಹಾಕುವುದೂ ಎರಡನೇ ಬೆರಳಿಗೆ ಮಾರಾಯ್ರೇ. ಮಾಡಿಸುವುದೇ ಆದರೂ ಪಾದದ ಬೆಳವಣಿಗೆ ನಿಲ್ಲಲಿ. ಕೊರತೆ ಕಮ್ಮಿಯಿದ್ದರೆ ಸೊಂಟದ ಎಲುಬಿನ ಚೂರು ತೆಗೆದು ಒಂದೇ ಸಲಕ್ಕೆ ಸೇರಿಸುತ್ತಾರೆ. ಸುಮಾರು 15 ಮಿ.ಮೀ. ಮೇಲಾದರೆ ಹಾಗೆ ಎಳೆದಾಗ ನರ, ರಕ್ತನಾಳ ತಡೆಯುವುದಿಲ್ಲ. ಆಗ ಎಲುಬು ಕತ್ತರಿಸಿ, ಹೊರಗೆ ಸಣ್ಣ ಫ್ರೇಮ್ ಕೂರಿಸಿ, ಒಂದು ವಾರ ಬಿಟ್ಟು ಅದರ ತಿರುಪು ತಿರುಗಿಸಿ ಎಲುಬಿನ ತುಂಡುಗಳನ್ನು ದಿನಕ್ಕೆ ಅರ್ಧದಿಂದ 1 ಮಿ.ಮೀ. ದೂರ ಸರಿಸುತ್ತಾ ಹೋಗುವುದು. ಅವಸರ ಮಾಡಿದರೆ ನಡುವೆ ಎಲುಬು ಕಟ್ಟುವುದಿಲ್ಲ, ನಿಧಾನಿಸಿದರೆ ಬೇಗ ಕೂಡಿಕೊಂಡುಬಿಡುತ್ತದೆ. ಬೆರಳಿನ ಬುಡದ ಕೀಲು ಬಿಗಿದುಕೊಳ್ಳುವುದು ಸಾಮಾನ್ಯ, ಅಂದರೆ ಉದ್ದವಾದ ಬೆರಳು ಬಗ್ಗದೇ ಹೋಗಬಹುದು. ಎಲುಬು ಗಟ್ಟಿಯಾಗುವವರೆಗೆ, ತಿಂಗಳುಗಟ್ಟಲೆ, ಫ್ರೇಮ್ ತೆಗೆಯುವಂತಿಲ್ಲ. ಅಷ್ಟು ದಿನವೂ ಫ್ರೇಮ್‌ನಿಂದ ಎಲುಬಿಗೆ ಚುಚ್ಚಿದ ಪಿನ್ನಿನ ಬುಡ ಒಣಗಿಯೇ ಇರಬೇಕು, ಇಲ್ಲವಾದರೆ ಕೀವು. ನಮ್ಮ ಕಡೆ ಜೂನ್‌ನಲ್ಲಿ ಒಗೆದ ಸಾಕ್ಸೇ ಒಣಗುವುದಿಲ್ಲ, ದೀಪಾವಳಿ ಕಳೆಯುವ ಮುಂಚೆ ತಾರೀಖು ತಗೋಬೇಡಿ.